ಸಾಲು ಕೊಡುವವರು

1957ರ ಸೆಪ್ಟೆಂಬರ್ 12, ಗುರುವಾರ. ಕೌಂಟಿಯ ರಸ್ತೆ ಮಂಡಳಿಯ ಸಭೆಯಲ್ಲಿ ಇವಲೀನಾ ಮಜೀಕ್ ಹಿಂದಿನ ಬೆಂಚಿನಿಂದ ಎದ್ದು ನಿಂತು, ತಮ್ಮ ಮನೆಗೆ ಹೋಗುವ ರಸ್ತೆಗೆ ಸಿಂಪಿಚಿಪ್ಪು ಹಾಕಿಸುವುದು ಯಾವಾಗ ಎಂದು ಕೇಳಿದರು. ಹನ್ನೊಂದು ವರ್ಷಗಳಲ್ಲಿ ಇದು ಅವರ ಆರನೆಯ ಸಲ. ದ್ವೀಪದ ಆ ರಸ್ತೆಗೆ ಬಿಳಿಯರ ಕೊನೆಯ ಮನೆಯವರೆಗೆ ಚಿಪ್ಪು ಸುರಿದು ಗಟ್ಟಿ ಮಾಡಲಾಗಿತ್ತು. ಅಲ್ಲಿಂದ ಮುಂದೆ, ಕರಿಯರಾದ ನಾವಿರುವ ಕಡೆ, ಎರಡು ಮೈಲಿ ಬರೀ ಮಣ್ಣು.

ಆ ವರ್ಷದ ಫೆಬ್ರವರಿಯಲ್ಲಿ ಇವಲೀನಾ ಅವರ ಗಂಡ ಐಸಮ್ ಹೊಟ್ಟೆನೋವಿನಿಂದ ಹಾಸಿಗೆ ಹಿಡಿದಿದ್ದರು. ಡಾಕ್ಟರ ಕಾರು ಬೆಳಿಗ್ಗೆ ಹತ್ತಕ್ಕೆ ಚಿಪ್ಪು ಮುಗಿದ ಜಾಗ ದಾಟಿತು, ಮುನ್ನೂರು ಗಜ ಬಂದು ಕೆಸರಲ್ಲಿ ಹೂತಿತು. ಹೇಸರಗತ್ತೆ ಕಟ್ಟಿ ಅದನ್ನು ಎಳೆದು ಮೇಲೆ ತಂದಾಗ ಮಧ್ಯಾಹ್ನ ಒಂದೂವರೆ. ಐಸಮ್ ಹನ್ನೆರಡೂ ಮುಕ್ಕಾಲಿಗೆ ತೀರಿಕೊಂಡಿದ್ದರು.

ರಸ್ತೆ ಕಮಿಷನರ್ ಲೂಥರ್ ಬ್ಯಾಸ್ಕಿನ್ ಕಾಗದದಿಂದ ತಲೆ ಎತ್ತದೆ ಕೇಳಿದರು. “ನಿನ್ನ ಹೆಸರು ಪುಸ್ತಕದಲ್ಲಿದೆಯಾ?”

ಪುಸ್ತಕ ಎಂದರೆ ಮತದಾರರ ಪುಸ್ತಕ.

“ಇಲ್ಲ.”

“ಹಾಗಾದ್ರೆ ಕೂತ್ಕೋ.”

ಮಂಡಳಿಯ ನಡಾವಳಿಯಲ್ಲಿ ಈ ಮಾತು ದಾಖಲಾಗಿಲ್ಲ. ಸಭೆಯಲ್ಲಿದ್ದ ನಮ್ಮ ಏಳು ಮಂದಿಗೆ ನೆನಪಿದೆ.

ಪುಸ್ತಕಕ್ಕೆ ಸೇರಲು ದಕ್ಷಿಣ ಕ್ಯಾರೊಲೈನಾದಲ್ಲಿ ಆಗ ಎರಡು ದಾರಿ. ಮುನ್ನೂರು ಡಾಲರ್ ಬೆಲೆಯ ಆಸ್ತಿ ನಿಮ್ಮ ಹೆಸರಿನಲ್ಲಿರಬೇಕು. ಇಲ್ಲವೇ ರಾಜ್ಯದ ಸಂವಿಧಾನದಿಂದ ಅಧಿಕಾರಿ ತೋರಿಸಿದ ಭಾಗವನ್ನು ಓದಿ, ಬರೆದು ತೋರಿಸಬೇಕು. ಇವಲೀನಾ ಉಳುತ್ತಿದ್ದ ಒಂಬತ್ತು ಎಕರೆ ಇನ್ನೂ ಅವರ ಅಜ್ಜನ ಹೆಸರಿನಲ್ಲೇ ಇತ್ತು. ಉಳಿದದ್ದು ಓದು. ಅವರು ಶಾಲೆಗೆ ಹೋದದ್ದು ಒಟ್ಟು ಎರಡು ಚಳಿಗಾಲ. ಬೈಬಲಿನ ಪುಟ ತೆರೆದು ಓದುತ್ತಿದ್ದರು ನಿಜ. ಆದರೆ ಯಾವ ಪುಟ ತೆರೆದರೂ ಅದು ಅವರಿಗೆ ಮೊದಲೇ ಬಾಯಿಗೆ ಬರುತ್ತಿತ್ತು.

ಡಿಸೆಂಬರ್ ಮೊದಲ ವಾರ ಶವಸಂಸ್ಕಾರ ಸಂಘದ ಕೋಣೆಯಲ್ಲಿ ದೊಡ್ಡವರ ಪಾಠ ಶುರುವಾಯಿತು. ಮಂಗಳವಾರ ಮತ್ತು ಗುರುವಾರ, ಸಂಜೆ ಐದರಿಂದ ಏಳು. ಹದಿನಾಲ್ಕು ಮಂದಿ. ಅತಿ ಕಿರಿಯರಿಗೆ ಮೂವತ್ತೊಂದು, ಹಿರಿಯರಾದ ಪ್ರಿನ್ಸ್ ಗೀದರ್ಸ್‌ಗೆ ಎಪ್ಪತ್ತು. ಕಲಿಸುತ್ತಿದ್ದವರು ಥಿಯೋಡೋರಾ ಫ್ಲಡ್, ದರ್ಜಿ. ನಮ್ಮ ಶಾಲೆಯ ಮೇಷ್ಟರು ಕಲಿಸುವ ಹಾಗಿರಲಿಲ್ಲ. ಅವರ ಸಂಬಳ ಸರ್ಕಾರದ್ದು, ಸುದ್ದಿ ಹೋದರೆ ಮರುದಿನ ಕೆಲಸ ಹೋಗುತ್ತಿತ್ತು. ಥಿಯೋಡೋರಾ ಅವರನ್ನು ಕೆಲಸದಿಂದ ತೆಗೆಯಲು ಯಾರಿಗೂ ಆಗುತ್ತಿರಲಿಲ್ಲ. ಹೊಲಿಗೆ ಯಂತ್ರ ಅವರದೇ.

ಅಕ್ಷರ ಬೇಗ ಬಂತು. ಜನವರಿಯ ಹೊತ್ತಿಗೆ ಎಲ್ಲರೂ ಹೆಸರು ಬರೆಯುತ್ತಿದ್ದರು, ನಿಧಾನವಾಗಿ ಸಾಲು ಓದುತ್ತಿದ್ದರು. ಅವರು ಸಿಕ್ಕಿಬಿದ್ದದ್ದು, ಒಂದು ಇದ್ದದ್ದು ಹಲವಾದಾಗ ಪದದ ತುದಿಗೆ ಬಂದು ಕೂರುವ ‘ಸ್’ನಲ್ಲಿ. ನಮ್ಮ ದ್ವೀಪದ ಇಂಗ್ಲಿಷಿನಲ್ಲಿ ಒಂದು ಬೋಟ್ ಅಂದರೆ ಬೋಟ್, ಹತ್ತು ಬೋಟ್ ಅಂದರೂ ಬೋಟ್. ಆ ತುದಿ ಕಣ್ಣಿಗೆ ಕಂಡರೂ ನಾಲಿಗೆ ದಾಟಿ ಹೋಗುತ್ತಿತ್ತು.

“ಹತ್ತು ಅಂತ ಮೊದಲೇ ಹೇಳಿದ ಮೇಲೆ ಹತ್ತು ಅಂತ ಗೊತ್ತಾಗಲ್ವಾ?” ಎಂದರು ಪ್ರಿನ್ಸ್. ಅವರು ಐವತ್ತು ವರ್ಷ ಸಿಂಪಿ ತೆಗೆದವರು. “ಮತ್ತೆ ಆ ಬಾಲ ಯಾಕೆ? ನಾನೇನು ಎಣಿಕೆ ತಪ್ಪಿಸ್ತೀನಾ?”

“ನಂಗೆ ಗೊತ್ತಾಗತ್ತೆ, ಪ್ರಿನ್ಸ್ ಮಾವ. ಆಫೀಸಿನಲ್ಲಿ ಕೂತಿರೋ ಮನುಷ್ಯನಿಗೆ ಬಾಲ ಬೇಕು,” ಎಂದರು ಥಿಯೋಡೋರಾ. “ಪದ ಅಂದ್ರೆ ಬಟ್ಟೆ ಅಂದ್ಕೊಳ್ಳಿ. ತುದಿ ಅಂದ್ರೆ ಅಂಚು. ತೆಳು ಬಟ್ಟೆಗೆ ಒಂದು ಹೊಲಿಗೆ ಸಾಕು. ‘ಬೋಟ್’, ‘ಬೋಟ್ಸ್’. ಅಂಚು ದಪ್ಪಗಿದ್ರೆ ಸೂಜಿ ಇಳಿಯಲ್ಲ, ನಡುವೆ ಒಂದು ಪಟ್ಟಿ ಕೊಡಬೇಕು. ‘ಬಾಕ್ಸ್’, ‘ಬಾಕ್ಸಸ್’. ಇನ್ನು ಕೆಲವನ್ನ ಮೊದಲು ಒಳಗೆ ಮಡಚಿ ಆಮೇಲೆ ಹೊಲೀಬೇಕು. ‘ಲೀಫ್’ ಅನ್ನೋದು ‘ಲೀವ್ಸ್’.”

“‘ಫುಟ್’?” ಎಂದು ಯಾರೋ ಕೇಳಿದರು.

“ಅದು ಬಟ್ಟೆ ಅಲ್ಲ, ಚರ್ಮ. ಹೊಲಿಗೆ ಇಲ್ಲ. ಒಳಗಿಂದಲೇ ಬದಲಾಗತ್ತೆ. ‘ಫೀಟ್’.”

“‘ಶೀಪ್’?” ಎಂದರು ಪ್ರಿನ್ಸ್.

“ಎಷ್ಟಿದ್ರೂ ‘ಶೀಪ್’.”

“ಯಾಕೆ?”

“ಅದರ ಬಟ್ಟೆ ಅದರ ಮೈಮೇಲೇ ಇದೆಯಲ್ಲ, ಮಾವ.”

ಕೋಣೆ ನಕ್ಕಿತು. ಪ್ರಿನ್ಸ್ ನಗಲಿಲ್ಲ. “ಅಂದ್ರೆ ಕುರಿಗೆ ವಿನಾಯ್ತಿ ಇದೆ. ನಮಗಿಲ್ಲ.”

“ಕುರಿ ವೋಟು ಕೇಳಿಲ್ಲ,” ಎಂದರು ಇವಲೀನಾ.

ಮೂರು ವಾರ ಹೀಗೇ ಹೋಯಿತು. ನಿಯಮ ಎಲ್ಲರಿಗೂ ತಿಳಿದಿತ್ತು. ಹಲಗೆಯ ಮೇಲೆ ಬರೆ ಎಂದರೆ ಸರಿಯಾಗಿ ಬರೆಯುತ್ತಿದ್ದರು. ಗಟ್ಟಿಯಾಗಿ ಓದು ಎಂದರೆ ಬಾಲ ಬಿದ್ದುಹೋಗುತ್ತಿತ್ತು. ಥಿಯೋಡೋರಾ ಒಬ್ಬೊಬ್ಬರ ಮುಂದೆ ನಿಂತು, ಬಾಯಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ‘ಸ್, ಸ್’ ಎನ್ನುತ್ತಿದ್ದರು. ಉಪಯೋಗವಾಗಲಿಲ್ಲ.

ದಾರಿ ತೋರಿಸಿದವರು ಇವಲೀನಾ. “ಇದನ್ನ ಹಾಡಿಸೋಣ. ನಾನು ಒಂದು ಕೊಡ್ತೀನಿ, ನೀವು ಹಲವು ಮಾಡಿ.”

ನಮ್ಮ ಪ್ರಾರ್ಥನೆಯ ಮನೆಯಲ್ಲಿ ಹಾಡಿನ ಪುಸ್ತಕ ಒಂದೇ ಇತ್ತು. ಬಹಳ ಕಾಲ ಒಂದೂ ಇರಲಿಲ್ಲ. ಒಬ್ಬರು ಸಾಲು ಕೊಡುತ್ತಾರೆ, ಮಿಕ್ಕವರು ಅದನ್ನು ಎತ್ತಿಕೊಂಡು ಎಳೆದು ಹಾಡುತ್ತಾರೆ. ಇವಲೀನಾ ಅವರ ತಾಯಿ ಸಾಲು ಕೊಡುತ್ತಿದ್ದರು. 1929ರಿಂದ ಇವಲೀನಾ ಕೊಡುತ್ತಿದ್ದರು. ಆ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಸಾಲು ಕೊಟ್ಟ ಮೇಲೆ ಕೊಟ್ಟವರು ಬಾಯಿ ಮುಚ್ಚಬೇಕು. ಉತ್ತರ ಜನರದ್ದು. ಅವರು ಎಳೆಯುತ್ತಿರುವಾಗ ಕೊಟ್ಟವರು ಉಸಿರು ತುಂಬಿಕೊಂಡು ಮುಂದಿನ ಸಾಲಿಗೆ ಅಣಿಯಾಗಬೇಕು.

ಆ ಗುರುವಾರ ಇವಲೀನಾ ಎದ್ದು ನಿಂತು, ಕಣ್ಣು ಮುಚ್ಚಿ, ‘ಡೇ’ ಎಂದು ಎಳೆದು ಬಿಟ್ಟರು. ಹದಿಮೂರು ಬಾಯಿ ‘ಡೇಸ್’ ಎಂದವು. ಆ ‘ಸ್’ ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ ಕೋಣೆಯ ತುಂಬ ಹರಡಿತು. ‘ಚರ್ಚ್’ ಎಂದರು, ‘ಚರ್ಚಸ್’ ಬಂತು. ‘ಚೈಲ್ಡ್’ ಎಂದರು, ಇಬ್ಬರು ಎಡವಿದರು, ಮಿಕ್ಕವರು ‘ಚಿಲ್ಡ್ರನ್’ ಎಂದು ಅವರನ್ನೂ ಎಳೆದುಕೊಂಡು ಹೋದರು. ಏಳು ಗಂಟೆಗೆ ಮುಗಿಯಬೇಕಾದ ಪಾಠ ಏಳೂವರೆಗೆ ಮುಗಿಯಿತು. ಮನೆಗೆ ಹೋಗುವ ದಾರಿಯಲ್ಲೂ ಪ್ರಿನ್ಸ್ ‘ಆಯ್ಸ್ಟರ್ಸ್, ಆಯ್ಸ್ಟರ್ಸ್’ ಎನ್ನುತ್ತಿದ್ದುದನ್ನು ಅವರ ಹೆಂಡತಿ ಕೇಳಿ, ಇವರು ಕುಡಿದಿದ್ದಾರೆ ಎಂದುಕೊಂಡರಂತೆ.

ಆರು ವಾರ ಇದೇ ನಡೆಯಿತು. ಮಾರ್ಚ್ ಕೊನೆಗೆ ಥಿಯೋಡೋರಾ ಐವರ ಹೆಸರು ಆರಿಸಿದರು. ಮೊದಲ ಹೆಸರು ಇವಲೀನಾ ಅವರದು.

ನೋಂದಣಿ ಆಫೀಸು ತೆರೆಯುವುದು ತಿಂಗಳ ಮೊದಲ ಸೋಮವಾರ ಮಾತ್ರ. ಏಪ್ರಿಲ್ 7ರಂದು ಐವರೂ ಪ್ರಿನ್ಸ್ ಅವರ ಟ್ರಕ್ಕಿನಲ್ಲಿ ಇಪ್ಪತ್ತಾರು ಮೈಲಿ ದೂರದ ಕೋರ್ಟಿಗೆ ಹೋದರು. ಆಫೀಸು ನೆಲಮಹಡಿಯಲ್ಲಿ. ಬಾಗಿಲ ಹೊರಗೆ, ಕಟ್ಟಡದೊಳಗಿನ ಓಣಿಯಲ್ಲಿ, ಒಂದು ಬೆಂಚು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು. ಅಧಿಕಾರಿ ಕ್ಲೀವ್‌ಲ್ಯಾಂಡ್ ಟಿಸ್‌ಡೇಲ್, ವಯಸ್ಸು ಐವತ್ತೆರಡು, ತಿಂಗಳ ಮಿಕ್ಕ ದಿನಗಳಲ್ಲಿ ವಿಮೆ ಏಜೆಂಟ್.

ಪ್ರಿನ್ಸ್ ಇಪ್ಪತ್ತು ನಿಮಿಷದಲ್ಲಿ ನೋಂದಣಿಯ ಕಾಗದ ಹಿಡಿದು ಹೊರಗೆ ಬಂದರು. ಇನ್ನೂ ಮೂವರಿಗೆ ಸಿಕ್ಕಿತು. ಕೊನೆಗೆ ಇವಲೀನಾ.

ಟಿಸ್‌ಡೇಲ್ ಒಂದು ಕಾರ್ಡು ಮುಂದಿಟ್ಟರು. ಚುನಾವಣೆಯ ದಿನಗಳಲ್ಲಿ ಮತದಾರರು ಮತಗಟ್ಟೆಗಳಿಗೆ ಹೋಗುವಾಗ, ಅಲ್ಲಿರುವಾಗ, ಅಲ್ಲಿಂದ ಮರಳುವಾಗ, ದೊಡ್ಡ ಅಪರಾಧದ ಪ್ರಕರಣಗಳನ್ನು ಬಿಟ್ಟರೆ, ಅವರನ್ನು ಬಂಧಿಸುವಂತಿಲ್ಲ ಎನ್ನುವ ಭಾಗ ಅದು. ಮೊದಲ ಪದವೇ ‘ಇಲೆಕ್ಟರ್ಸ್’. ಮತದಾರರು.

“ಇಲೆಕ್ಟರ್,” ಎಂದು ಓದಿದರು ಇವಲೀನಾ. ಓದಿ ನಿಲ್ಲಿಸಿದರು. ಉಸಿರು ತೆಗೆದುಕೊಂಡರು.

“ಯಾಕೆ ನಿಂತೆ?”

ಅವರು ಮುಂದೆ ಓದಿದರು. ಒಂದು ಪದವೂ ತಡವರಿಸಲಿಲ್ಲ. ಆದರೆ ‘ಕೇಸಸ್’ ಇದ್ದಲ್ಲಿ ‘ಕೇಸ್’ ಎಂದು ನಿಂತರು, ‘ಡೇಸ್’ ಇದ್ದಲ್ಲಿ ‘ಡೇ’ ಎಂದು ನಿಂತರು, ‘ಪೋಲ್ಸ್’ ಇದ್ದಲ್ಲಿ ‘ಪೋಲ್’ ಎಂದು ನಿಂತರು. ಪ್ರತಿ ಸಲವೂ ಒಂದು ಉಸಿರು.

ಟಿಸ್‌ಡೇಲ್ ಕಾರ್ಡು ಹಿಂದಕ್ಕೆ ತೆಗೆದುಕೊಂಡರು. “ಇರೋದನ್ನ ಓದಿಲ್ಲ. ನಾಲ್ಕು ಅಕ್ಷರ ನುಂಗಿದೀಯ. ಹೋಗು, ಆಂಟಿ. ಮನೇಲಿ ಮೊಮ್ಮಕ್ಕಳನ್ನ ನೋಡ್ಕೋ.”

ಟ್ರಕ್ಕು ಹತ್ತು ಮೈಲಿ ಸಾಗಿತು. ಗೆದ್ದ ನಾಲ್ವರೂ ತಮ್ಮ ಕಾಗದವನ್ನು ಜೇಬಿನಿಂದ ತೆಗೆಯಲಿಲ್ಲ.

“ಓದೋಕೆ ಬರಲಿಲ್ವಾ, ಇವಲೀನಾ?” ಎಂದು ಕೊನೆಗೆ ಪ್ರಿನ್ಸ್ ಕೇಳಿದರು.

“ಬಂತು.”

“ಮತ್ತೆ?”

“ನೀವ್ಯಾರೂ ಉತ್ತರ ಕೊಡಲಿಲ್ಲ.”

ಪ್ರಿನ್ಸ್ ಟ್ರಕ್ಕನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಆಗ ಅವರಿಗೆ ಹೊಳೆಯಿತು. ಆರು ವಾರದಲ್ಲಿ ಹದಿಮೂರು ಮಂದಿಯ ನಾಲಿಗೆ ಆ ಬಾಲವನ್ನು ಸಾವಿರ ಸಲ ಹೇಳಿತ್ತು. ಹೇಳಿಸಿದವರು ಒಂದು ಸಲವೂ ಹೇಳಿರಲಿಲ್ಲ. ಕೋಣೆಯಲ್ಲಿದ್ದ ಯಾರಿಗೂ ಅದು ತೋಚಿರಲಿಲ್ಲ, ಥಿಯೋಡೋರಾ ಅವರಿಗೂ. ಸಾಲು ಕೊಡುವವರು ಉತ್ತರ ಹೇಳುವುದಿಲ್ಲ ಎನ್ನುವುದು ನಮಗೆ ಎಷ್ಟು ಸಹಜವೆಂದರೆ, ಅದು ಕಿವಿಗೆ ಬೀಳುವುದೇ ಇಲ್ಲ.

ಜೂನ್ 10ಕ್ಕೆ ಚುನಾವಣೆ. ಬ್ಯಾಸ್ಕಿನ್ ಮತ್ತೆ ನಿಂತಿದ್ದರು. ಅದಕ್ಕೆ ಮೊದಲು ಪುಸ್ತಕ ತೆರೆಯುವುದು ಇನ್ನೊಂದೇ ದಿನ, ಮೇ 5. ಇಪ್ಪತ್ತೆಂಟು ದಿನ ಉಳಿದಿತ್ತು.

ಥಿಯೋಡೋರಾ ಮರುದಿನವೇ ಇವಲೀನಾ ಅವರನ್ನು ಎದುರಿಗೆ ಕೂರಿಸಿಕೊಂಡು ಒಬ್ಬರನ್ನೇ ಓದಿಸಿದರು. ‘ಇಲೆಕ್ಟರ್’ ಎಂದು ನಿಲ್ಲುವುದು ನಿಲ್ಲಲಿಲ್ಲ. ತಡೆಯಲು ಹೋದರೆ ಪದವೇ ನಿಂತುಹೋಗುತ್ತಿತ್ತು.

ಎರಡನೆಯ ವಾರ ಥಿಯೋಡೋರಾ ಹೇಳಬಾರದ ಮಾತು ಹೇಳಿದರು. “ಅಮ್ಮ, ಸ್ವಲ್ಪ ದಿನ ನೀವು ಉತ್ತರ ಕೊಡೋರ ಜೊತೆ ಕೂತ್ಕೊಳ್ಳಿ. ಸಾಲು ಬೇರೆ ಯಾರಾದ್ರೂ ಕೊಡ್ಲಿ.”



“ಯಾರು?” ಎಂದರು ಇವಲೀನಾ.

“ಪ್ರಿನ್ಸ್ ಮಾವ ಕೊಡ್ತಾರೆ.”

“ಪ್ರಿನ್ಸ್ ಗಂಟಲಿಗೆ ಏಡಿ ಕೂಡ ಬಲೆಯಿಂದ ಎದ್ದು ಹೋಗತ್ತೆ.”

“ಅದು ನಿಜ,” ಎಂದರು ಪ್ರಿನ್ಸ್.

“ಪಾಠದಲ್ಲಿ ಮಾತ್ರ, ಅಮ್ಮ. ಪ್ರಾರ್ಥನೇಲಿ ಅಲ್ಲ.”

“ಜಾಗ ಅಂದ್ರೆ ಜಾಗ. ಬ್ಯಾಸ್ಕಿನ್ ಕೂತ್ಕೋ ಅಂದ. ಟಿಸ್‌ಡೇಲ್ ಹೋಗು ಅಂದ. ಈಗ ನೀನು ಹಿಂದಕ್ಕೆ ಕೂತ್ಕೋ ಅಂತೀಯ.” ಇಷ್ಟು ಹೇಳಿ ಇವಲೀನಾ ಎದ್ದರು. ಎಲ್ಲರೂ ಅವರು ಬಾಗಿಲಿಗೆ ಹೋಗುತ್ತಾರೆ ಎಂದುಕೊಂಡರು. ಅವರು ಹಿಂದಿನ ಬೆಂಚಿಗೆ ಹೋಗಿ ಇಬ್ಬರ ನಡುವೆ ಕೂತರು. “ಹೂಂ, ಕೊಡು, ಪ್ರಿನ್ಸ್. ಕೇಳೋ ಕರ್ಮ ನಂದು.”

ಪ್ರಿನ್ಸ್ ‘ಡೇ’ ಎಂದು ಕೊಟ್ಟರು. ಹನ್ನೆರಡು ಮಂದಿ ‘ಡೇಸ್’ ಎಂದರು. ಇವಲೀನಾ ಉಸಿರು ತೆಗೆದುಕೊಂಡರು. ಎರಡನೆಯ ಸಲವೂ ಉಸಿರು. ಮೂರನೆಯ ಸಲ ಅವರಿಂದ ಒಂದು ಸಣ್ಣ ‘ಸ್’ ಬಂತು, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳಿಸುವಷ್ಟು. ಅಂದು ಸಂಜೆ ಎಣಿಸಿದರೆ ಐವತ್ತರಲ್ಲಿ ಹನ್ನೊಂದು ಸಲ ಉತ್ತರ ಕೊಟ್ಟಿದ್ದರು. ಏಪ್ರಿಲ್ ಕೊನೆಗೆ ಐವತ್ತರಲ್ಲಿ ನಲವತ್ತು. ಆದರೆ ಅದು ಇನ್ನೊಬ್ಬರು ಸಾಲು ಕೊಟ್ಟಾಗ. ಕೈಗೆ ಕಾರ್ಡು ಕೊಟ್ಟು ಒಬ್ಬರೇ ಓದಿ ಎಂದರೆ ಮತ್ತೆ ಸಾಲು ಕೊಡುವವರೇ ಎದ್ದು ನಿಲ್ಲುತ್ತಿದ್ದರು.

“ಇಪ್ಪತ್ತೊಂಬತ್ತು ವರ್ಷ ಹಿಡಿದದ್ದು ಇಪ್ಪತ್ತೆಂಟು ದಿನಕ್ಕೆ ಬಿಡಲ್ಲ,” ಎಂದರು ಇವಲೀನಾ. “ಇರೋದ್ರಲ್ಲೇ ಹೋಗ್ತೀನಿ.”

“ಅವನು ಮತ್ತೆ ಇಲ್ಲ ಅಂದ್ರೆ?”

“ನೀನು ಹೇಳು. ಕಾನೂನು ಓದಿದವಳು ನೀನು.”

ಥಿಯೋಡೋರಾ ಓದಿದ್ದರು. ಬಟ್ಟೆ ಹೊಲಿಸಲು ಬರುತ್ತಿದ್ದ ವಕೀಲರೊಬ್ಬರ ಹೆಂಡತಿಯ ಮೂಲಕ ಚುನಾವಣಾ ಕಾನೂನಿನ ಪ್ರತಿ ತರಿಸಿಕೊಂಡು, ಎರಡು ಭಾನುವಾರ ಕೂತು ಓದಿದ್ದರು. ಹೆಸರು ಸೇರಿಸದಿದ್ದರೆ ಮೇಲಿನ ಕೋರ್ಟಿಗೆ ಹೋಗಬಹುದು ಎಂದು ಅದರಲ್ಲಿತ್ತು. ಕೋರ್ಟಿಗೆ ಹೋಗಬೇಕಾದರೆ ಕಾರಣ ಬೇಕು. ಟಿಸ್‌ಡೇಲ್ ಇದುವರೆಗೆ ಯಾರಿಗೂ ಕಾರಣ ಬರೆದುಕೊಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ.

“ಹಾಗಾದ್ರೆ ಅದನ್ನೂ ಕಲಿಸು,” ಎಂದರು ಇವಲೀನಾ.

ಮೇ 5ರಂದು ಹದಿನಾಲ್ಕು ಮಂದಿಯೂ ಹೋದರು, ಎರಡು ಟ್ರಕ್ಕಿನಲ್ಲಿ. ಕಾಗದ ಸಿಕ್ಕಿದ್ದ ನಾಲ್ವರಿಗೆ ಅಲ್ಲಿ ಕೆಲಸವಿರಲಿಲ್ಲ. “ಬೆಂಚು ಬಿಸಿಯಾಗಿಡೋಕೆ ಬಂದಿದೀವಿ,” ಎಂದರು ಪ್ರಿನ್ಸ್. ಕೆಂಪನ್ನ ಮತ್ತು ಹುರಿದ ಮೀನು ಡಬ್ಬಿಯಲ್ಲಿತ್ತು. ಅಂದು ಶೆಕೆ ಜಾಸ್ತಿ, ಟಿಸ್‌ಡೇಲ್ ಬಾಗಿಲು ತೆರೆದೇ ಇಟ್ಟಿದ್ದರು. ಹನ್ನೊಂದು ಗಂಟೆಗೆ ಇವಲೀನಾ ಒಳಗೆ ಹೋದರು.

“ನೀನಾ?” ಎಂದರು ಟಿಸ್‌ಡೇಲ್. “ಅದೇ ಕಾರ್ಡು ಕೊಡ್ಲಾ?”

“ಅದನ್ನೇ ಕೊಡಿ.”

ಇವಲೀನಾ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದರು. “ಇಲೆಕ್ಟರ್,” ಎಂದರು. ನಿಂತರು. ಉಸಿರು ತೆಗೆದುಕೊಂಡರು.

“ಇಲೆಕ್ಟರ್ಸ್,” ಎಂದಿತು ಓಣಿ.

ಹದಿಮೂರು ಗಂಟಲು, ಕಲ್ಲು ಗೋಡೆಯ ಓಣಿ. ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಇದು ಮೊದಲೇ ಗೊತ್ತು ಮಾಡಿಕೊಂಡ ಆಟ ಎಂದು ಕೌಂಟಿಯಲ್ಲಿ ಆಮೇಲೆ ಮಾತು ಹಬ್ಬಿತು. ಬೆಂಚಿನಲ್ಲಿದ್ದವರಲ್ಲಿ ಒಂಬತ್ತು ಮಂದಿಯನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ. ಎಲ್ಲರೂ ಹೇಳಿದ್ದು ಒಂದೇ: ಸಾಲು ಬಂತು, ಬಾಯಿ ತೆರೆಯಿತು. ಒಬ್ಬರ ಬಾಯಲ್ಲಿ ಮೀನಿತ್ತು.

ಟಿಸ್‌ಡೇಲ್ ಎದ್ದು ಹೋಗಿ ಬಾಗಿಲು ಹಾಕಿದರು. ಚಿಲಕ ಹಾಕಿದ ಸದ್ದು ಹೊರಗೆ ಕೇಳಿಸಿತು. ಇದರ ನಂತರ ನಡೆದದ್ದಕ್ಕೆ ಸಾಕ್ಷಿ ಇವಲೀನಾ ಮಾತ್ರ. ಟಿಸ್‌ಡೇಲ್ ಅದರ ಬಗ್ಗೆ ಎಂದೂ ಮಾತಾಡಲಿಲ್ಲ.

“ಆ ಪದ ಹೊರಗಿನವರು ಓದಿದ್ರು. ನೀನು ಓದಲಿಲ್ಲ. ಮುಗೀತು.”

“ಮುಗಿದಿಲ್ಲ. ಈಗ ಬಾಗಿಲು ಹಾಕಿದೀರಿ. ಮೊದಲಿಂದ ಓದ್ತೀನಿ.”

“ಒಬ್ಬಳೇ ಓದಬೇಕು.”

“ಒಬ್ಬಳೇ ಇದೀನಿ.”

“ಇಲೆಕ್ಟರ್,” ಎಂದರು. ಉಸಿರು ತೆಗೆದುಕೊಂಡರು. ಯಾರೂ ಉತ್ತರ ಕೊಡಲಿಲ್ಲ. ಅಷ್ಟು ಹೊತ್ತು ಉತ್ತರವಿಲ್ಲದ ಸಾಲು ಕೊಟ್ಟ ನೆನಪು ತಮಗಿರಲಿಲ್ಲ, ಹೋದ ತಿಂಗಳು ಅದೇ ಹೆದರಿಸಿತ್ತು ಎಂದು ಅವರು ಆಮೇಲೆ ಹೇಳಿದರು. ಈ ಸಲ ಅವರು ತಗ್ಗಿದ ಗಂಟಲಲ್ಲಿ, ಹಿಂದಿನ ಬೆಂಚಿನವರ ಗಂಟಲಲ್ಲಿ, “ಇಲೆಕ್ಟರ್ಸ್” ಎಂದು ತಾವೇ ಉತ್ತರ ಕೊಟ್ಟರು. ‘ಕೇಸ್’ ಎಂದು ಎತ್ತರಕ್ಕೆ, ‘ಕೇಸಸ್’ ಎಂದು ತಗ್ಗಿಗೆ. ಡೇ, ಡೇಸ್. ಪೋಲ್, ಪೋಲ್ಸ್. ಮಿಕ್ಕ ಪದಗಳನ್ನು ಒಂದೊಂದೇ ಸಲ ಓದಿದರು. ಕಾರ್ಡನ್ನು ಮೇಜಿನ ಮೇಲಿಟ್ಟರು.

ಟಿಸ್‌ಡೇಲ್ ಕಾರ್ಡಿನ ಮೇಲೆ ಬೆರಳಿಟ್ಟರು. “ಇದರಲ್ಲಿ ಆ ಪದ ಒಂದು ಸಲ ಇದೆ. ನೀನು ಎರಡು ಸಲ ಹೇಳಿದೆ.”

“ಹೋದ ತಿಂಗಳು ಕಮ್ಮಿ ಆಯ್ತು ಅಂದ್ರಿ. ಈ ತಿಂಗಳು ಜಾಸ್ತಿ ಆಯ್ತಾ?”

“ಇರೋದನ್ನ ಇರೋ ಹಾಗೆ ಓದಬೇಕು.”

“ಇರೋ ಅಕ್ಷರದಲ್ಲಿ ಯಾವುದನ್ನ ಬಿಟ್ಟೆ, ತೋರಿಸಿ.”

ಟಿಸ್‌ಡೇಲ್ ಕಾರ್ಡಿನಿಂದ ಬೆರಳು ತೆಗೆದರು.

“ಹಾಗಾದ್ರೆ ಬರೆದುಕೊಡಿ,” ಎಂದರು ಇವಲೀನಾ.

“ಏನನ್ನ?”

“ಇವಲೀನಾ ಮಜೀಕ್ ಜಾಸ್ತಿ ಓದಿದಳು, ಅದಕ್ಕೆ ಪುಸ್ತಕಕ್ಕೆ ಸೇರಿಸಲಿಲ್ಲ ಅಂತ. ಕೆಳಗೆ ನಿಮ್ಮ ಸಹಿ ಹಾಕಿ. ಜಡ್ಜು ಮೇಲಿನ ಮಹಡೀಲೇ ಕೂತಿದಾರೆ. ನಾನು ಹತ್ತಿ ಹೋಗ್ತೀನಿ.”

“ಯಾರು ಹೇಳ್ಕೊಟ್ರು ನಿಂಗೆ ಇದನ್ನ?”

“ಓದಿದೆ. ನನಗೆ ಓದೋಕೆ ಬರತ್ತೆ.”

ಟಿಸ್‌ಡೇಲ್ ಒಂದು ಹಾಳೆ ಎಳೆದುಕೊಂಡರು. ತಾರೀಕು ಬರೆದರು. ಅದರ ಕೆಳಗೆ ಇವಲೀನಾ ಅವರ ಹೆಸರು ಬರೆದರು. ಪೆನ್ನು ನಿಂತಿತು. ಗೋಡೆಯ ಗಡಿಯಾರದಲ್ಲಿ ಮೂರು ನಿಮಿಷ ಹೋದವು. ಹೊರಗೆ ಓಣಿಯಲ್ಲಿ ಇನ್ನೂ ಒಂಬತ್ತು ಮಂದಿ ಕಾಯುತ್ತಿದ್ದರು, ಒಳಗಿನ ಸದ್ದಿಗೆ ಎಲ್ಲರೂ ಕಿವಿ ಕೊಟ್ಟಿದ್ದರು. ಟಿಸ್‌ಡೇಲ್ ಹಾಳೆಯನ್ನು ಮಡಚಿ ಬುಟ್ಟಿಗೆ ಹಾಕಿದರು. ಕಾರ್ಡಿನ ಪಕ್ಕಕ್ಕೆ ಖಾಲಿ ಹಾಳೆಯೊಂದನ್ನು ತಳ್ಳಿದರು.

“ಬರೆ.”

ಬರೆಯುವುದು ಇವಲೀನಾ ಅವರಿಗೆ ಎಂದೂ ತೊಡಕಾಗಿರಲಿಲ್ಲ. ಕೈಗೆ ಸಾಲು ಕೊಡುವ ಅಭ್ಯಾಸವಿರಲಿಲ್ಲ. ಇಪ್ಪತ್ತೆರಡು ನಿಮಿಷ ತೆಗೆದುಕೊಂಡರು. ನಾಲ್ಕು ಬಾಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಟಿಸ್‌ಡೇಲ್ ಕಾಗದ ತುಂಬಿ, ಹರಿದು ಕೊಟ್ಟರು. ಹೆಸರಿನ ಹಿಂದೆ ‘ಮಿಸೆಸ್’ ಇರಲಿಲ್ಲ. ಬಿಳಿಯ ಹೆಂಗಸರ ಕಾಗದದಲ್ಲಿ ಇರುತ್ತಿತ್ತು. ಇವಲೀನಾ ಅದನ್ನು ಕಂಡರು, ಅಂದಿಗೆ ಬಿಟ್ಟರು.

ಬಾಗಿಲು ತೆರೆದಾಗ ಪ್ರಿನ್ಸ್ ಎದ್ದು ನಿಂತಿದ್ದರು. “ಸಿಕ್ತಾ, ಇವಲೀನಾ?”

ಇವಲೀನಾ ಕಾಗದ ತೋರಿಸಿದರು. “ನಿಂಗೆ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ?”

“ನೀನು ಸಾಲು ಕೊಟ್ಟೆ. ಕೊಟ್ಟ ಮೇಲೆ ಸುಮ್ನಿರೋದು ಎಲ್ಲಿ ಕಲ್ತಿದೀನಿ ನಾನು?”

ಆ ದಿನ ಉಳಿದ ಒಂಬತ್ತು ಮಂದಿಯಲ್ಲಿ ಎಂಟು ಮಂದಿಗೆ ಕಾಗದ ಸಿಕ್ಕಿತು. ದ್ವೀಪದ ಇನ್ನೆರಡು ಕಡೆಯೂ ಇಂಥ ಪಾಠ ನಡೆದಿತ್ತು. ಎಲ್ಲ ಸೇರಿ ಹೊಸ ಹೆಸರು ನಲವತ್ತಾರು. ಹಿಂದಿನ ಚುನಾವಣೆಯಲ್ಲಿ ಬ್ಯಾಸ್ಕಿನ್ ಗೆದ್ದದ್ದು ನಲವತ್ತೊಂದು ಮತದಿಂದ.

ಮೂರು ದಿನದ ನಂತರ, ಮೇ 8ರ ಗುರುವಾರ, ರಸ್ತೆ ಮಂಡಳಿ ಸೇರಿತು. ಇವಲೀನಾ ಚರ್ಚಿನ ಟೋಪಿ ಹಾಕಿಕೊಂಡು ಬಂದು ಅದೇ ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಥಿಯೋಡೋರಾ, ಪ್ರಿನ್ಸ್, ಮತ್ತು ನಮ್ಮಲ್ಲಿ ಬರಲಾದ ಎಲ್ಲರೂ. ತಮ್ಮ ಸರದಿ ಬಂದಾಗ ಎದ್ದು, ರಸ್ತೆಗೆ ಚಿಪ್ಪು ಹಾಕಿಸುವುದು ಯಾವಾಗ ಎಂದು ಏಳನೆಯ ಸಲ ಕೇಳಿದರು.

“ನಿನಗೆ ಹೋದ ವರ್ಷವೇ ಹೇಳಿದ್ದೆ,” ಎಂದರು ಬ್ಯಾಸ್ಕಿನ್. “ಪುಸ್ತಕದಲ್ಲಿ ಹೆಸರಿದೆಯಾ?”

“ಇದೆ. ಸೋಮವಾರದಿಂದ ಇದೆ. ನಮ್ಮ ದ್ವೀಪದಿಂದ ಹೊಸದಾಗಿ ನಲವತ್ತಾರು ಜನರದ್ದಿದೆ. ನಿಮಗೆ ಬೇಕಾದ್ರೆ ಟಿಸ್‌ಡೇಲ್ ಅವರನ್ನ ಕೇಳಿ.”

ಬ್ಯಾಸ್ಕಿನ್ ಈ ಸಲ ತಲೆ ಎತ್ತಿದರು. ಹಿಂದಿನ ಬೆಂಚುಗಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೋಡಿದರು. ತಲೆ ಎಣಿಸುವವರ ಹಾಗೆ ತುಟಿ ಅಲುಗುತ್ತಿತ್ತು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಗುಮಾಸ್ತನ ಕಡೆ ಕೈ ಚಾಚಿ ಹಾಳೆ ತೆಗೆದುಕೊಂಡರು.

“ಎಷ್ಟು ಉದ್ದ ಆ ರಸ್ತೆ?”

“ಟೂ ಮೈಲ್,” ಎಂದರು ಇವಲೀನಾ.

ಥಿಯೋಡೋರಾ ಪಕ್ಕದಲ್ಲಿ ಕೆಮ್ಮಿದರು. ಇವಲೀನಾ ತಿರುಗಿ ನೋಡಲಿಲ್ಲ. ಉಸಿರೂ ತೆಗೆದುಕೊಳ್ಳಲಿಲ್ಲ.

“ಟೂ ಮೈಲ್ಸ್,” ಎಂದು ಬ್ಯಾಸ್ಕಿನ್ ತಿದ್ದಿದರು, ಬರೆಯುತ್ತಾ.

“ನೀವು ಹಾಗೆ ಬರ್ಕೊಳ್ಳಿ,” ಎಂದರು ಇವಲೀನಾ. “ಕೆಸರು ಅಷ್ಟೇ ಇದೆ.”